ಒಂದು ಪ್ರತಿಗೆ ಎರಡು ರೂಪಾಯಿ

ಮೇಲೆ ಕಿರಿಯರ ಖೋ-ಖೋ ಸಂಘದ ಜಿಲ್ಲಾ ಕಚೇರಿ,
ಕೆಳಗೆ ನನ್ನ ಜೆರಾಕ್ಸ್ ಮಿಷನ್ನು.
ನಡುವೆ ಹದಿನಾಲ್ಕು ಮೆಟ್ಟಿಲು. ಒಂಬತ್ತನೆಯದು ಮುಕ್ಕು.
ಎಡವದೆ ಹತ್ತಿದರೆ ಹಳಬರು ಅಂತ ಲೆಕ್ಕ.

ಮಂಡ್ಯದಲ್ಲಿ ಕಬ್ಬು ಅರೆಯುವ ತಿಂಗಳು ಬಂತೆಂದರೆ
ಗುತ್ತಲು ರಸ್ತೆಯ ಈ ಮಗ್ಗುಲಿಗೆ
ಕಾಗದಕ್ಕೂ ಕಾಕಂಬಿ ವಾಸನೆ.
ಆಗಲೇ ಆಯ್ಕೆಯ ದಿನವೂ ಬರುತ್ತದೆ:
ಬಸರಾಳು, ದುದ್ದ, ಕೊತ್ತತ್ತಿ, ಕೆರಗೋಡಿನ ಬಸ್ಸಿಳಿದ ಮಕ್ಕಳು
ಲೇಸು ಕಟ್ಟಿದ ಶೂ ಕೊರಳಿಗೆ ನೇತುಹಾಕಿಕೊಂಡು
ಬರಿಗಾಲಲ್ಲಿ ನಿಲ್ಲುತ್ತವೆ,
ಹೊಸ ಶೂ ಸವೆಯಬಾರದಲ್ಲ.

ಎದುರು ಹೋಟೆಲಿನ ಜವರಯ್ಯ ಹಿಟ್ಟು ದುಪ್ಪಟ್ಟು ರುಬ್ಬಿಸಿ
ಆಮೇಲೆ ಬೈಯುತ್ತಾನೆ:
'ನೀರು ಕುಡಿಯೋಕೇ ಬತ್ತವೆ ಕಣಕ್ಕ, ತಿನ್ನೋಕಲ್ಲ.'
ಬೈಯುತ್ತಲೇ ಇನ್ನೊಂದು ಜಗ್ಗು ತುಂಬಿಸಿ ಇಡುತ್ತಾನೆ.
ಟೈಲರ್ ಫಾತಿಮಾಬಿ ಬೆನ್ನಿಗೆ ಅಂಕಿ ಹೊಲಿಯುತ್ತಾಳೆ;
ಏಳಕ್ಕೆ ಜಗಳ, ಎಂಟು ಯಾರಿಗೂ ಬೇಡ.
ಕಾರ್ಯದರ್ಶಿ ಚಿಕ್ಕಮರಿಯಪ್ಪ ಮೇಷ್ಟ್ರು
ನಿವೃತ್ತರಾಗಿ ಹನ್ನೊಂದು ವರ್ಷ, ಸೀಟಿ ಮಾತ್ರ ಕೊರಳಲ್ಲೇ.
ನನ್ನ ಬಾಕಿ ಆರು ತಿಂಗಳಿಗೊಮ್ಮೆ ತೀರಿಸುತ್ತಾರೆ,
ಅದೂ ಚಿಲ್ಲರೆಯಲ್ಲಿ.

ನಾನು ಈ ಮಕ್ಕಳನ್ನು ಮುಖದಿಂದ ಅರಿಯೆ,
ಜನನ ಪತ್ರದಿಂದ ಬಲ್ಲೆ.
ಗಾಜಿನ ಮೇಲೆ ಬೋರಲು ಮಲಗಿಸಿ
ಹಸಿರು ಬೆಳಕು ಹಾಯಿಸಿ
ಇಂಥ ತಾರೀಕು, ಇಂಥ ತಾಲ್ಲೂಕು, ತಾಯಿ ಇಂಥವಳು ಎಂದು
ಎರಡು ರೂಪಾಯಿಗೆ
ಇನ್ನೊಂದು ಸಲ ಹುಟ್ಟಿಸುತ್ತೇನೆ.

ಒಂದು ಸಲ ಸುಳ್ಳು ಹುಟ್ಟಿಸಿದೆ.

ಐದಾರು ವರ್ಷದ ಮಾತು. ಬಾಗಿಲು ಎಳೆಯುವ ಹೊತ್ತು.
ಒಬ್ಬ ತಂದೆ, ಮುಷ್ಟಿಯಲ್ಲಿ ಬೆವರಿದ ನೂರರ ನೋಟು.
'ಒಂದೇ ಅಂಕಿ ಕಣವ್ವ,
ಒಂದನ್ನ ನಾಕು ಮಾಡೋಕೆ ಎಷ್ಟೊತ್ತು?'
ಬಿಳಿ ಬಣ್ಣದ ಶೀಶೆ ಡ್ರಾಯರಿನಲ್ಲೇ ಇತ್ತು.
ಜನವರಿಯವಳು ಏಪ್ರಿಲಿಗೆ ಜಾರಿದಳು.
ನೋಟು ಮುಟ್ಟಲಿಲ್ಲ ನಾನು. ಅದೊಂದು ಹೆಮ್ಮೆ ಇವತ್ತಿಗೂ,
ಏನು ಹೆಮ್ಮೆಯೋ.

ಹುಡುಗಿ ಆಯ್ಕೆಯಾದಳು. ದಾವಣಗೆರೆಗೆ ಹೊರಟ ಬಸ್ಸಿನ ಕಿಟಕಿಯಿಂದ
ನನಗೇ ಕೈ ಬೀಸಿದಳು.

ಅವತ್ತೇ ಸಂಜೆ ಮುಕ್ಕಾದ ಮೆಟ್ಟಿಲ ಮೇಲೆ ಇನ್ನೊಬ್ಬಳು.
ದುದ್ದದ ಬಿಂದುಶ್ರೀ. ತಂಡಕ್ಕೆ ಹನ್ನೆರಡು ಜನ,
ಪಟ್ಟಿಯಲ್ಲಿ ಇವಳು ಹದಿಮೂರನೆಯವಳು.
ಅಳುತ್ತಿರಲಿಲ್ಲ.
ಮಂಡಿಗೆ ಮೆತ್ತಿದ ಕೆಮ್ಮಣ್ಣನ್ನು
ಉಗುರಲ್ಲಿ ಕೆರೆದು ಕೆರೆದು ತೆಗೆಯುತ್ತಿದ್ದಳು.
'ಅಕ್ಕ, ಈ ಕಾಪಿ ವಾಪಸ್ ತಕತೀರಾ?
ಬಳಸ್ಲೇ ಇಲ್ಲ.'
ನಾಕು ಹಾಳೆ. ಎಂಟು ರೂಪಾಯಿ.
ಬಸ್ಸಿಗೆ ಕಮ್ಮಿ ಬಿದ್ದಿತ್ತು.

ತಕ್ಕೊಂಡೆ. ಇನ್ನೂ ಇವೆ, ಗಲ್ಲಾಪೆಟ್ಟಿಗೆಯ ತಳದಲ್ಲಿ.
ಶೀಶೆ ಒಣಗಿ ಕಲ್ಲಾಗಿದೆ,
ಎಸೆದಿಲ್ಲ.

ಖೋ-ಖೋದಲ್ಲಿ ಸಾಲಾಗಿ ಕೂರುತ್ತಾರಲ್ಲ,
ಒಬ್ಬಳ ಮುಖ ಈ ಕಡೆಗೆ, ಪಕ್ಕದವಳದು ಆ ಕಡೆಗೆ.
ಬೆನ್ನಿಗೆ ಕೈ ಬಿದ್ದು ದನಿ ಕೇಳುವವರೆಗೂ
ಏಳುವ ಹಾಗಿಲ್ಲ.
ನಾನು ಮಿಷನ್ನಿನ ಹಿಂದೆ ಹಾಗೇ ಕೂತಿದ್ದೇನೆ,
ಯಾವ ಕಡೆ ತಿರುಗಿದ್ದೇನೋ ನನಗೇ ನೆನಪಿಲ್ಲ.

ಕಚೇರಿ ಕ್ರೀಡಾಂಗಣದ ಕಟ್ಟಡಕ್ಕೆ ಹೋಗುತ್ತದಂತೆ.
'ಪೀಡೆ ಕಳೀತು' ಅನ್ನುತ್ತಾನೆ ಜವರಯ್ಯ,
ಅಂದು, ಯಾವತ್ತು ಎಂದು ದಿನಾ ಕೇಳುತ್ತಾನೆ.
ಮೇಷ್ಟ್ರು ಮೆಟ್ಟಿಲಿಗೆ ಸಿಮೆಂಟು ಹಾಕಿಸುವ ಮಾತು ಆಡುತ್ತಲೇ ಇದ್ದಾರೆ.

ಇವತ್ತು ಮತ್ತೆ ಆಯ್ಕೆ. ಬೆಳಿಗ್ಗೆಯಿಂದ ಸಾಲು.
ಹಾಳೆ ತೆಗೆದುಕೊಳ್ಳುವಾಗ ಮುಖ ನೋಡುವುದಿಲ್ಲ,
ಬಗ್ಗಿ ಮಂಡಿ ನೋಡುತ್ತೇನೆ.

ಮೇಲೆ ಯಾರೋ ಎಡವಿದರು.
ಹೊಸಬರು.